ಎತ್ತರ ನೋಡಿ ಮರುಳಾಗಬ್ಯಾಡ್ರಿ, ಬೇರು ನೋಡ್ರಿ

ನಾರಾಯಣಪೇಟೆ: ಮಳೆಗಾಲ ಬಂತೆಂದರೆ ಗಡಿಭಾಗದ ಹಳ್ಳಿಗಳಲ್ಲಿ ಗಿಡ ಹಚ್ಚುವ ಸಡಗರ. ಆದರೆ ಯುಗಾದಿ ಹೊತ್ತಿಗೆ ಎಷ್ಟು ಗುಂಡಿಯಲ್ಲಿ ಹಸಿರು ಉಳಿದಿರುತ್ತದೆ ಎಂಬುದೇ ಪ್ರಶ್ನೆ.

ತೆಲಂಗಾಣ ಸರ್ಕಾರ 2015ರ ಜುಲೈನಲ್ಲಿ ‘ಹರಿತಹಾರ’ ಆರಂಭಿಸಿದಾಗ ಹಸಿರು ಹೊದಿಕೆಯನ್ನು ಶೇ 24ರಿಂದ 33ಕ್ಕೆ ಏರಿಸುವ ಗುರಿ ಇತ್ತು. ಹಳ್ಳಿ ಹಳ್ಳಿಗೂ ನರ್ಸರಿ ಬಂದವು. ನೆಟ್ಟ ಸಸಿಗಳಲ್ಲಿ ಕನಿಷ್ಠ ಶೇ 85 ಉಳಿಸುವ ಹೊಣೆಯನ್ನು 2018ರ ಪಂಚಾಯತ್ ರಾಜ್ ಕಾಯ್ದೆ ಸರಪಂಚರು ಮತ್ತು ಪಂಚಾಯಿತಿ ಕಾರ್ಯದರ್ಶಿಗಳ ಹೆಗಲಿಗೆ ಹಾಕಿತು. ಈ ಲೆಕ್ಕ ಗೆಲ್ಲುವುದೋ ಸೋಲುವುದೋ ನರ್ಸರಿಯಲ್ಲಿ ಸಸಿ ಆರಿಸುವಾಗಲೇ ಅರ್ಧ ತೀರ್ಮಾನವಾಗುತ್ತದೆ.

ಸಸಿಯ ಪರೀಕ್ಷೆ

ಗಿಡ ಎಷ್ಟು ಎತ್ತರ ಐತಿ ಅಂತ ಕೇಳೋರೇ ಹೆಚ್ಚು, ಬೇರು ಹೆಂಗೈತಿ ಅಂತ ಕೇಳೋರು ಕಡಿಮೆ. ಸಣ್ಣ ಪಾಕೀಟಿನಲ್ಲಿ ಬಹಳ ದಿನ ಬೆಳೆದ ಸಸಿಯ ಬೇರು ತಳದಲ್ಲಿ ಸುರುಳಿ ಸುತ್ತುತ್ತದೆ. ನೆಟ್ಟ ಮೇಲೂ ಆಳಕ್ಕೆ ಇಳಿಯದೆ ಬೇಸಿಗೆಯಲ್ಲಿ ಒಣಗುತ್ತದೆ, ಇಲ್ಲವೇ ಗಾಳಿಗೆ ಉರುಳುತ್ತದೆ. ನೀರು ಹಾಕುವವರಿಲ್ಲದ ಗುಡ್ಡಕ್ಕೆ ಒಂದೂವರೆ ಅಡಿ ಆಸುಪಾಸಿನ, ಬುಡ ದಪ್ಪಗಿರುವ, ಬಿಸಿಲಿಗೆ ಒಗ್ಗಿದ ಸಸಿಯೇ ಲೇಸು. ದೊಡ್ಡ ಪಾಕೀಟಿನ ಎತ್ತರದ ಗಿಡ ಬೇಲಿ ಮತ್ತು ನೀರು ಎರಡೂ ಇರುವ ಶಾಲೆ ಅಂಗಳಕ್ಕೆ ಸರಿ.

ಎಲ್ಲಕ್ಕೂ ಪಾಕೀಟು ಸಸಿಯೇ ಬೇಕೆಂದಿಲ್ಲ. ತೇಗದ ಸಸಿಯ ಕಾಂಡ, ಬೇರು ಕತ್ತರಿಸಿ ಹೆಬ್ಬೆರಳು ಗಾತ್ರದ ‘ಸ್ಟಂಪ್’ ನೆಡುವುದು ಹಳೆಯ ಪದ್ಧತಿ. ಹುಣಸೆ, ಹೊಂಗೆ, ಸೀತಾಫಲದ ಬೀಜವನ್ನು ಮಳೆ ಹಿಡಿದಾಗ ನೇರ ಬಿತ್ತಬಹುದು. ಬೇವಿನ ಬೀಜವನ್ನು ಮಾತ್ರ ಕಾದಿಡುವಂತಿಲ್ಲ. ಹಣ್ಣಾದ ಕೆಲವೇ ವಾರಗಳಲ್ಲಿ ಅದು ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ನೆಲಕ್ಕೆ ತಕ್ಕ ಗಿಡ

ಮಕ್ತಲ್, ಗದ್ವಾಲ್ ಕಡೆಯ ಎರೆ ಭೂಮಿ ಮಳೆಯಲ್ಲಿ ನೀರು ಹಿಡಿದು ಬೇಸಿಗೆಯಲ್ಲಿ ಬಿರಿಯುತ್ತದೆ. ಅಲ್ಲಿ ಜಾಲಿ, ಬನ್ನಿ ತಾಳುತ್ತವೆ. ನೀರು ನಿಲ್ಲುವ ಕಡೆ ಬೇವು, ತೇಗ ಎರಡೂ ಸೊರಗುತ್ತವೆ. ಮಸಾರಿ ನೆಲದಲ್ಲಿ ಬೇವು, ಹುಣಸೆ ಚೆನ್ನಾಗಿ ಬರುತ್ತವೆ. ಕಲ್ಲುಗುಡ್ಡಕ್ಕೆ ಆಳಕ್ಕೆ ಬೇರು ಬಿಡುವ ಕಮರ ಒಳ್ಳೆಯದು. ಕುರಿ, ಮೇಕೆ ಓಡಾಡುವ ಕಡೆ ಸೀತಾಫಲ ಬದುಕುತ್ತದೆ, ಅದರ ಎಲೆಯನ್ನು ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಕನ್ನಡ ಮನೆಗಳಿಗೆ ಇನ್ನೊಂದು ತೊಡಕು ಹೆಸರಿನದು. ಇಲ್ಲಿ ನರ್ಸರಿಯಲ್ಲಿ ಕೇಳಿಬರುವುದು ತೆಲುಗು ಹೆಸರು. ಬೇವಿಗೆ ವೇಪ, ಹುಣಸೆಗೆ ಚಿಂತ, ಹೊಂಗೆಗೆ ಕಾನುಗ, ನೇರಳೆಗೆ ನೇರೇಡು, ನೆಲ್ಲಿಗೆ ಉಸಿರಿ. ದಸರೆಯಲ್ಲಿ ಬಂಗಾರವೆಂದು ಹಂಚುವ ನಮ್ಮ ಬನ್ನಿಯೇ ಅವರ ಜಮ್ಮಿ, ತೆಲಂಗಾಣದ ರಾಜ್ಯವೃಕ್ಷ.

ನೆಡುವ ಹೊತ್ತು

ಮೊದಲ ಹನಿಗೇ ಗುಂಡಿಗೆ ಇಳಿಸದೆ, ಆರಿದ್ರಾ, ಪುನರ್ವಸು ಮಳೆ ಸುರಿದು ನೆಲ ಒಂದಡಿ ಆಳ ಹಸಿಯಾದ ಮೇಲೆ ನೆಡಬೇಕು. ಪ್ಲಾಸ್ಟಿಕ್ ಪಾಕೀಟನ್ನು ಮಣ್ಣಿನ ಹೆಂಟೆ ಒಡೆಯದಂತೆ ಪೂರ್ತಿ ಬಿಡಿಸಬೇಕು, ಸುತ್ತಿದ ಬೇರನ್ನು ಕತ್ತರಿಸಬೇಕು. ಇಷ್ಟು ಮಾಡದೆ ಸಾವಿರ ಗಿಡ ಹಚ್ಚಿದರೆ ಮುಂದಿನ ಮುಂಗಾರಿಗೆ ಅದೇ ಗುಂಡಿ, ಅದೇ ಕೂಲಿ. ನೂರು ಹಚ್ಚಿ ತೊಂಬತ್ತು ಉಳಿಸಿಕೊಂಡ ಊರಿಗೆ ನೆರಳು ಸಿಗುತ್ತದೆ.