ಗೋಡೆಯ ಮೇಲಿನ ಚಿತ್ರ, ಪಕ್ಕದ ಪುಟ್ಟ ಚೀಟಿ

ಬೆಂಗಳೂರು: ಕಸ್ತೂರಬಾ ರಸ್ತೆಯಲ್ಲಿ ದಿನವೂ ಹಾದುಹೋಗುವ ಬೆಂಗಳೂರಿಗರಲ್ಲಿ ಅಲ್ಲಿನ ಕಲಾ ಸಂಗ್ರಹಾಲಯಗಳ ಒಳಗೆ ಕಾಲಿಡದವರು ಬಹಳಷ್ಟು ಮಂದಿ. ಕಾರಣ ಕೇಳಿದರೆ 'ಅದೆಲ್ಲ ನಮಗೆ ಅರ್ಥವಾಗುವುದಿಲ್ಲ' ಎಂಬ ಉತ್ತರ ಬರುತ್ತದೆ. ಸಮಕಾಲೀನ ಕಲೆಯ ಬಗೆಗಿನ ಈ ಅಳುಕು ಅಸಹಜವೇನಲ್ಲ. ಆದರೆ ಮೊದಲ ಭೇಟಿಯನ್ನು ಛಾಯಾಚಿತ್ರ ಪ್ರದರ್ಶನದಿಂದ ಆರಂಭಿಸಿದರೆ ಅಳುಕು ಅರ್ಧ ಇಳಿಯುತ್ತದೆ.

ಇದೇ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ (ಮ್ಯಾಪ್) ಅದಕ್ಕೆ ತಕ್ಕ ತಾಣ. ಹೊರಗಿನಿಂದ ನೋಡಿದರೆ ಉಕ್ಕಿನ ಹಾಳೆಗಳನ್ನು ಹೊದ್ದ, ನೀರಿನ ಟ್ಯಾಂಕನ್ನು ನೆನಪಿಸುವ ಕಟ್ಟಡ. ಮೈಸೂರಿನ ಟಿ.ಎಸ್.ಸತ್ಯನ್ (1923-2009) ಅವರ ಛಾಯಾಚಿತ್ರಗಳು ಇದರ ಸಂಗ್ರಹದಲ್ಲಿವೆ. ಹೊಲ, ಶಾಲೆ, ಬೀದಿಗಳಲ್ಲಿನ ಸಾಮಾನ್ಯ ಜನರನ್ನು, ವಿಶೇಷವಾಗಿ ಮಕ್ಕಳನ್ನು, ಯಾವ ಆಡಂಬರವೂ ಇಲ್ಲದೆ ಸೆರೆಹಿಡಿದವರು ಸತ್ಯನ್. ಅವರ ಚಿತ್ರದ ಮುಂದೆ ನಿಲ್ಲಲು ಯಾವ ಕಲಾಸಿದ್ಧಾಂತದ ಪರಿಚಯವೂ ಬೇಕಿಲ್ಲ.

ಛಾಯಾಚಿತ್ರ ಪ್ರದರ್ಶನಗಳಲ್ಲಿ ಬೆಳಕು ಮಂದವಾಗಿರುವುದನ್ನು ಕಂಡು ಕೆಲವರು ಗೊಣಗುವುದುಂಟು. ಅದು ವಿದ್ಯುತ್ ಉಳಿತಾಯವಲ್ಲ. ಕಾಗದ ಮತ್ತು ಬಣ್ಣ ಬೆಳಕಿಗೆ ಮಾಸುತ್ತವೆ. ಹಾಗೆ ಮಾಸಿದ್ದು ಮರಳಿ ಬಾರದು. ಹೀಗಾಗಿ ಬೇಗ ಮಾಸುವ ಕೃತಿಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕೆಂಬುದು ಸಂಗ್ರಹಾಲಯಗಳಲ್ಲಿ ರೂಢಿಯಲ್ಲಿರುವ ಮಿತಿ. ಒಳಹೊಕ್ಕು ಒಂದೆರಡು ನಿಮಿಷ ಸುಮ್ಮನಿದ್ದರೆ ಕಣ್ಣು ತಾನೇ ಹೊಂದಿಕೊಳ್ಳುತ್ತದೆ.

ಇನ್ನು ಚಿತ್ರದ ಪಕ್ಕದ ಚೀಟಿ. ಅದರಲ್ಲಿ 'ಸಿಲ್ವರ್ ಜೆಲಾಟಿನ್ ಪ್ರಿಂಟ್' ಎಂದಿದ್ದರೆ ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಕತ್ತಲಕೋಣೆಯಲ್ಲಿ ಮೂಡಿಸಿದ ಪ್ರತಿ ಎಂದರ್ಥ. 'ಪಿಗ್ಮೆಂಟ್ ಪ್ರಿಂಟ್' ಎಂದಿದ್ದರೆ ಉತ್ತಮ ದರ್ಜೆಯ ಇಂಕ್‌ಜೆಟ್ ಮುದ್ರಣ. '3/10' ಎಂಬ ಸಂಖ್ಯೆ, ಒಟ್ಟು ಹತ್ತೇ ಪ್ರತಿ ಮುದ್ರಿಸುವುದಾಗಿ ಕಲಾವಿದ ನೀಡಿದ ಮಾತು, ಇದು ಮೂರನೆಯದು. ನೆಗೆಟಿವ್‌ನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಾದ್ದರಿಂದ ಛಾಯಾಚಿತ್ರದ ಬೆಲೆ ನಿಂತಿರುವುದೇ ಈ ಮಾತಿನ ಮೇಲೆ. ಚಿತ್ರ ತೆಗೆದ ವರ್ಷ ಹಾಗೂ ಪ್ರತಿ ಮುದ್ರಿಸಿದ ವರ್ಷ ಬೇರೆಬೇರೆ ಇದ್ದಲ್ಲಿ ಎರಡನ್ನೂ ಗಮನಿಸಿ. ಚೀಟಿ ಕೇವಲ ಇಂಗ್ಲಿಷ್‌ನಲ್ಲಿದ್ದರೆ ಕನ್ನಡದಲ್ಲಿ ವಿವರಣೆ ಕೇಳಲು ಸಂಕೋಚ ಬೇಡ.

ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಹಾಗೂ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದು ಒಳಿತು. ಒಂದೇ ದಿನ ಎಲ್ಲವನ್ನೂ ನೋಡಹೊರಟರೆ ಕಾಲು ನೋಯುವುದಷ್ಟೇ ಲಾಭ.

ಆದರೆ ಕಸ್ತೂರಬಾ ರಸ್ತೆಗೆ ಬಂದವರು ವೆಂಕಟಪ್ಪ ಕಲಾ ಗ್ಯಾಲರಿಯ ಕಥೆ ತಿಳಿದಿರಬೇಕು. ಕೋಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಕೆ.ವೆಂಕಟಪ್ಪ (1886-1965) ಅವರ ಹೆಸರಿನ ಈ ಸರ್ಕಾರಿ ಗ್ಯಾಲರಿ, ಹೆಸರಾಗದ ಯುವ ಕಲಾವಿದರಿಗೂ ಅಲ್ಪ ಬಾಡಿಗೆಗೆ ಗೋಡೆ ಒದಗಿಸುತ್ತಿತ್ತು. 2015ರಲ್ಲಿ ಪ್ರವಾಸೋದ್ಯಮದ 'ದತ್ತು' ಯೋಜನೆಯಡಿ ಅದನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು ಸರ್ಕಾರ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಕಲಾವಿದರು ಬೀದಿಗಿಳಿದರು. ಯಾರ ಕೃತಿ ತೂಗಬೇಕೆಂದು ಖಾಸಗಿಯವರು ನಿರ್ಧರಿಸತೊಡಗಿದರೆ ಹೊಸಬರು ಎಲ್ಲಿಗೆ ಹೋಗಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಒಪ್ಪಂದವನ್ನು ಕೊನೆಗೆ ಕೈಬಿಡಲಾಯಿತು. ಸುಸಜ್ಜಿತ ಖಾಸಗಿ ಸಂಗ್ರಹಾಲಯವನ್ನು ಮೆಚ್ಚುತ್ತಲೇ ಈ ಪ್ರಶ್ನೆ ನ್ಯಾಯವಾದದ್ದೆಂದು ಒಪ್ಪಬಹುದು. ಅವೆರಡೂ ಒಂದೇ ರಸ್ತೆಯಲ್ಲಿರುವುದು ನಗರಕ್ಕೆ ಒಳ್ಳೆಯದೇ.

ಹೊರಡುವ ಮುನ್ನ ಒಂದು ಮಾತು: ಮ್ಯಾಪ್ ಹಾಗೂ ರಾಷ್ಟ್ರೀಯ ಸಂಗ್ರಹಾಲಯ ಎರಡಕ್ಕೂ ಸೋಮವಾರ ರಜೆ. ಫ್ಲ್ಯಾಷ್ ಬಳಸಿ ಚಿತ್ರ ತೆಗೆಯುವಂತಿಲ್ಲ.