ಹಿತ್ತಿಲ ನೆಲನೆಲ್ಲಿ, ಮನೆಯ ಕಾಮಣಿ

ಮಳೆಗಾಲ ಶುರುವಾಗಿ ಹದಿನೈದು ದಿನ ಕಳೆಯುವಷ್ಟರಲ್ಲಿ ನಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಸುತ್ತ, ತುಳಸಿಕಟ್ಟೆಯ ಬುಡದಲ್ಲಿ, ಫರಸಿಯ ಸಂದಿಯಲ್ಲಿ ಕೂಡ ಒಂದು ಪುಟ್ಟ ಗಿಡ ತಲೆ ಎತ್ತುತ್ತದೆ. ಎತ್ತರ ಒಂದು ಗೇಣು, ಹೆಚ್ಚೆಂದರೆ ಎರಡು. ಎಲೆ ಥೇಟ್ ಹುಣಸಿ ಎಲೆಯ ಹಾಗೆ. ಕಸ ಎಂದು ಕಿತ್ತು ಒಗೆದರೆ ಎಂಟು ದಿನಕ್ಕೆ ಮತ್ತೆ ಅಲ್ಲಿಯೇ ಹಾಜರು! ನೀವೂ ಎಷ್ಟೋ ಸಲ ಕಿತ್ತು ಒಗೆದಿರಬೇಕು. ಇನ್ನೊಮ್ಮೆ ಕೀಳುವಾಗ ಒಂದು ಎಸಳನ್ನು ತಿರುವಿ ಹಾಕಿ ನೋಡಿರಿ. ಎಲೆಗಳ ಕೆಳಗೆ ಸಾಲಾಗಿ, ಸಾಸಿವೆಗಿಂತ ತುಸು ದೊಡ್ಡವಾದ ಹಸಿರು ಕಾಯಿಗಳು ಪೋಣಿಸಿಟ್ಟಂತೆ ಇರುತ್ತವೆ. ಇದೇ ನೆಲನೆಲ್ಲಿ. ಕಿರುನೆಲ್ಲಿ ಎಂದೂ ಅನ್ನುತ್ತಾರೆ. ನನ್ನ ತವರು ಖಾನಾಪುರ. ಅಲ್ಲಿ ಮರಾಠಿ ಮಾತಾಡುವ ನೆರೆಯವರು ಇದಕ್ಕೆ ಭುಯಿಆವಳಿ ಎನ್ನುವರು. ತಮಿಳು ನಾಡಿನ ಸಿದ್ಧ ವೈದ್ಯರ ಬಾಯಲ್ಲಿ ಇದು ಕೀಳಾನೆಲ್ಲಿ, ಅಂದರೆ ಕೆಳಗಿನ ನೆಲ್ಲಿ.

ಸಿದ್ಧ ಪದ್ಧತಿಯಲ್ಲಿ ಕಾಮಣಿಗೆ, ಅಂದರೆ ಕಾಮಾಲೆಗೆ, ಮೊದಲು ನೆನಪಾಗುವ ಗಿಡವೇ ಇದು. ಬೇರು ಸಮೇತ ಕಿತ್ತು, ತೊಳೆದು, ಅರೆದು, ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ಮಜ್ಜಿಗೆಯಲ್ಲಿ ಕದಡಿ ಮುಂಜಾನೆ ಖಾಲಿ ಹೊಟ್ಟೆಗೆ ಕೊಡುತ್ತಾರೆ. ಓದಿದಾಗ ನನಗೆ ಸೋಜಿಗವೆನಿಸಿತು. ಎಲ್ಲಿಯ ಮದ್ರಾಸು, ಎಲ್ಲಿಯ ಖಾನಾಪುರ! ನಾನು ಏಳನೇ ಇಯತ್ತೆಯಲ್ಲಿದ್ದಾಗ ನನಗೆ ಕೊಟ್ಟದ್ದೂ ಇದೇ ಮಜ್ಜಿಗೆ.

ಆಗ ನನ್ನ ಕಣ್ಣು ಅರಿಶಿನ ಬಳಿದಂತೆ ಆಗಿದ್ದವು. ಅವ್ವ ನನ್ನನ್ನು ಜಾಂಬೋಟಿ ದಾರಿಯ ಒಂದು ಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಅಜ್ಜಿ ಔಷಧಿ ಕೊಡುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ, ಒಂದು ತೆಂಗಿನಕಾಯಿ, ಎಲೆ ಅಡಿಕೆ, ಅಷ್ಟೇ. ಮೂರು ಮುಂಜಾನೆ ಕುಡಿದೆ. ಎಣ್ಣೆ ಬೇಡ, ಖಾರ ಬೇಡ, ಅರಿಶಿನ ಬೇಡ ಎಂದು ಕಟ್ಟುನಿಟ್ಟಿನ ಪಥ್ಯ. ಮೂರು ವಾರದಲ್ಲಿ ಕಣ್ಣು ಬೆಳ್ಳಗಾದವು. ನಮ್ಮ ಓಣಿಯಲ್ಲಿ ಕೆಲವರು ಅದೇ ರೋಗಕ್ಕೆ ಕೈಗೆ ಬರೆ ಹಾಕಿಸಿಕೊಂಡಿದ್ದರು, ಕೆಲವರು ಕೊರಳಿಗೆ ಕಾಮಣಿ ಮಾಲೆ ಹಾಕಿಕೊಂಡಿದ್ದರು. ಮಾಲೆ ದಿನದಿನಕ್ಕೆ ಉದ್ದವಾದರೆ ರೋಗ ಇಳಿಯುತ್ತದೆ ಎಂದು ನಂಬಿಕೆ. ಅದು ಉದ್ದವಾಗುವುದು ಹಸಿ ಕಡ್ಡಿ ಒಣಗಿ ಗಂಟು ಸಡಿಲಾಗುವುದರಿಂದ ಎಂದು ಗೊತ್ತಾದದ್ದು ನನಗೆ ಬಹಳ ತಡವಾಗಿ. ಏನೇ ಇರಲಿ, ನೆಲನೆಲ್ಲಿಯ ಮೇಲೆ ಅಂದು ಕೂತ ವಿಶ್ವಾಸ ಮದುವೆಯಾಗಿ ಬೆಳಗಾವಿಗೆ ಬಂದಮೇಲೂ ಹೋಗಲಿಲ್ಲ.

ಆ ವಿಶ್ವಾಸದಿಂದಲೇ ೨೦೧೭ರ ಮಳೆಗಾಲದಲ್ಲಿ ನನ್ನಿಂದ ಒಂದು ತಪ್ಪಾಯಿತು. ಖಾನಾಪುರದಲ್ಲಿ ನನ್ನ ತಮ್ಮನ ಹೆಂಡತಿಗೆ ಏಳನೇ ತಿಂಗಳು. ಕುಬಸದ ಸೀರೆ ತಂದಿಟ್ಟಿದ್ದೆವು. ನಾನು ತವರಿಗೆ ಹೋದಾಗ ಹುಡುಗಿ ಊಟ ಬಿಟ್ಟು, ವಾಂತಿ ಮಾಡಿಕೊಂಡು ಮಲಗಿದ್ದಳು. ಕಣ್ಣು ನೋಡಿದೆ, ಹಳದಿ. ಅದೇ ಓಣಿಯಲ್ಲಿ ಇನ್ನೂ ಇಬ್ಬರಿಗೆ ಕಾಮಣಿ ಆಗಿತ್ತು. ತಮ್ಮ, "ಅಕ್ಕಾ, ಬೆಳಗಾವಿಗೆ ಕರಕೊಂಡು ಹೋಗೂಣೇನು?" ಎಂದ. ಬೆಳಗಾವಿ ೨೫ ಕಿಲೋಮೀಟರಿನ ದಾರಿ, ದೂರವೇನಲ್ಲ. ನಾನೇ, "ಡಾಕ್ಟರ ಹಂತ್ಯಾಕ ಕಾಮಣಿಗೆ ಔಷಧ ಎಲ್ಲಿ ಐತೋ? ಮೊದಲ ಹಳ್ಳಿಗೆ ಹೋಗಿ ಬರೂಣು" ಎಂದೆ. ಆ ಅಜ್ಜಿ ತೀರಿಹೋಗಿದ್ದಳು. ಅವಳ ಸೊಸೆ ಔಷಧಿ ಕೊಟ್ಟಳು.

ಮೂರು ದಿನ ಕೊಟ್ಟೆವು. ನಾಲ್ಕನೇ ದಿನ ಹುಡುಗಿ ಹಗಲೆಲ್ಲ ಮಲಗೇ ಇದ್ದಳು. ಎಬ್ಬಿಸಿದರೆ, "ಅಕ್ಕಾ, ಹಾಲಿನಾಂವ ಬಂದನೇನ್ರಿ?" ಎಂದು ಮಟಮಟ ಮಧ್ಯಾಹ್ನ ಮೂರು ಸಲ ಕೇಳಿದಳು. ನಿದ್ದೆಗಣ್ಣು ಎಂದುಕೊಂಡೆ. ಓಣಿಯ ಆಶಾ ಕಾರ್ಯಕರ್ತೆ ಬಂದು ನೋಡಿದವಳೇ, "ಏನ್ರೀ ಇದು, ಬಸುರಿ ಹೆಣ್ಮಗಳಿಗೆ ಕಾಮಣಿ ಆದ್ರ ಮನ್ಯಾಗ ಇಟ್ಟುಕೊಂಡು ಕೂಡ್ತಾರೇನ್ರಿ?" ಎಂದು ಕೂಗಾಡಿ ಗಾಡಿ ತರಿಸಿದಳು. ಬೆಳಗಾವಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಹುಡುಗಿ ಉಳಿದಳು. ಕೂಸು ಉಳಿಯಲಿಲ್ಲ.

ನೆಲನೆಲ್ಲಿಯಿಂದಲೇ ಹೀಗಾಯಿತು ಎಂದು ನಾನು ಹೇಳುವುದಿಲ್ಲ, ಅಲ್ಲಿಯ ಡಾಕ್ಟರಬಾಯಿಯೂ ಹಾಗೆ ಹೇಳಲಿಲ್ಲ. "ನಾಲ್ಕು ದಿನ ಮೊದಲ ಬಂದಿದ್ರ ಕೂಸು ಉಳೀತಿತ್ತು ಅಂತ ನಾ ಖಾತ್ರಿ ಕೊಡೂದಿಲ್ಲ. ಆದ್ರ ಯಾವ ಕಾಮಣಿ ಅಂತ ಮೊದಲ ರಕ್ತ ತಪಾಸಣೆ ಮಾಡಸಬೇಕಿತ್ತಲ್ರಿ?" ಎಂದರು. ಯಾವ ಕಾಮಣಿ! ಕಾಮಣಿಯಲ್ಲಿ ಬೇರೆ ಬೇರೆ ಇರುತ್ತವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮುಂದೆ ಮಗಳು ಕಾಲೇಜಿನ ಪುಸ್ತಕ ತಂದು ಓದಿ ಹೇಳಿದಳು.

ಕಣ್ಣು ಹಳದಿಯಾಗುವುದು ಒಂದು ರೋಗವಲ್ಲ, ಅದು ಬರೀ ಲಕ್ಷಣ. ರಕ್ತದಲ್ಲಿಯ ಹಳದಿ ಅಂಶವನ್ನು ಯಕೃತ್ತು ಹೊರಹಾಕದೆ ಹೋದರೆ ಅದು ಕಣ್ಣಿಗೆ, ಚರ್ಮಕ್ಕೆ ಇಳಿಯುತ್ತದೆ. ಕಾರಣ ಹಲವು. ಹೊಲಸು ನೀರಿನಿಂದ ಬರುವ 'ಎ' ಮತ್ತು 'ಇ' ಎಂಬ ವೈರಾಣುಗಳು, ರಕ್ತದಿಂದ ಮತ್ತು ತಾಯಿಯಿಂದ ಕೂಸಿಗೆ ಹರಡುವ 'ಬಿ', ಸೆರೆ ಕುಡಿತ, ಪಿತ್ತನಾಳದಲ್ಲಿ ಸಿಕ್ಕಿಕೊಂಡ ಹರಳು. ಹರಳಿನದಕ್ಕೆ ಯಾವ ಸೊಪ್ಪು ಅರೆದು ಕುಡಿದು ಏನಾದೀತು? 'ಎ' ಮತ್ತು 'ಇ' ಕಾಮಣಿ ಬಹಳ ಮಂದಿಗೆ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಏಳನೇ ಇಯತ್ತೆಯಲ್ಲಿ ನನಗೆ ಆದದ್ದು ಅಂಥದೇ ಇದ್ದಿರಬೇಕು. ಮಜ್ಜಿಗೆ ಕುಡಿಯದಿದ್ದರೂ ವಾಸಿಯಾಗುತ್ತಿತ್ತೇನೋ.

ಆದರೆ 'ಇ' ಬಸುರಿಯರ ಪಾಲಿಗೆ ಬೇರೆಯೇ. ಕೊನೆಯ ಮೂರು ತಿಂಗಳಲ್ಲಿ ಈ ಕಾಮಣಿ ಹತ್ತಿದರೆ ನೂರಕ್ಕೆ ೨೦ರಿಂದ ೨೫ ತಾಯಂದಿರು ತೀರಿಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಹುಡುಗಿಗೆ ಆದದ್ದು ಇದೇ. ಹಾಲಿನವನನ್ನು ಕೇಳಿದ್ದು ನಿದ್ದೆಗಣ್ಣಲ್ಲ, ವಿಷ ಮಿದುಳಿಗೆ ಏರುತ್ತಿದ್ದ ಸೂಚನೆ. ಮಾತು ತಪ್ಪುವುದು, ಹಗಲು ನಿದ್ದೆ, ನಿಲ್ಲದ ವಾಂತಿ, ಎಲ್ಲಿಂದಾದರೂ ರಕ್ತ ಒಸರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬಾರದು. ಬಸುರಿಗಾದರೆ ಕಣ್ಣು ಹಳದಿ ಕಂಡ ದಿನವೇ ದವಾಖಾನೆ.

ಹಾಗಾದರೆ ನೆಲನೆಲ್ಲಿಯಲ್ಲಿ ಸತ್ವವೇ ಇಲ್ಲವೇ ಎಂದು ಕೇಳಬಹುದು. ಹಾಗೂ ಅನ್ನಲಾಗದು. ಮದ್ರಾಸು ವಿಶ್ವವಿದ್ಯಾಲಯದ ತ್ಯಾಗರಾಜನ್ ಮತ್ತು ಸಂಗಡಿಗರು 'ಬಿ' ವೈರಾಣು ಇದ್ದವರಿಗೆ ಇದರ ಪುಡಿಯನ್ನು ೩೦ ದಿನ ಕೊಟ್ಟು ನೋಡಿದರು. ಕುಡಿದ ೩೭ ಜನರಲ್ಲಿ ೨೨ ಜನರ ರಕ್ತದಲ್ಲಿ ವೈರಾಣುವಿನ ಗುರುತು ಕಾಣಲಿಲ್ಲ, ಬರೀ ತೋರಿಕೆಯ ಔಷಧಿ ಪಡೆದ ೨೩ ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ೧೯೮೮ರಲ್ಲಿ ಇದು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 'ಬಿ' ವೈರಾಣುವನ್ನು ಕಂಡುಹಿಡಿದು ೧೯೭೬ರಲ್ಲಿ ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಅವರೂ ಈ ಗಿಡದ ಬೆನ್ನು ಹತ್ತಿದ್ದರು. ನಮ್ಮ ಹಿತ್ತಿಲ ಕಸಕ್ಕೆ ಎಂಥ ಮರ್ಯಾದೆ ನೋಡಿರಿ! ಆದರೆ ಮುಂದೆ ಥಾಯ್ಲೆಂಡ್ ಮೊದಲಾದ ಕಡೆ ಪರೀಕ್ಷಿಸಿದಾಗ ಅಂಥ ಫಲ ಸಿಗಲಿಲ್ಲ. 'ಬಿ'ಗೆ ಈಗ ಭರವಸೆಯ ದಾರಿ ಎಂದರೆ ಲಸಿಕೆ. ಹುಟ್ಟಿದ ಕೂಸಿಗೆ ೨೪ ತಾಸಿನೊಳಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಹಾಕುತ್ತಾರೆ.

ನೆಲನೆಲ್ಲಿ ಬಳಸಲೇಬೇಕೆಂದಿದ್ದರೆ ರಕ್ತ ತಪಾಸಣೆ ಆದಮೇಲೆ, ಓದಿದ ವೈದ್ಯರನ್ನು ಕೇಳಿ ಬಳಸಿರಿ. ಗಿಡದ ಗುರುತೂ ಬೇಕು. ಕಾಂಡ ಕೆಂಪಗಿದ್ದು, ಕಾಯಿ ತೊಟ್ಟಿಲ್ಲದೆ ಅಂಟಿಕೊಂಡು ಒರಟಾಗಿದ್ದರೆ ಅದು ಇದರ ದಾಯಾದಿ, ಬೇರೆ ಜಾತಿ. ಗಟಾರದ ದಂಡೆಯದು, ಔಷಧಿ ಸಿಂಪಡಿಸಿದ ಹೊಲದ್ದು ಬೇಡವೇ ಬೇಡ. ಪಥ್ಯದ ಹೆಸರಿನಲ್ಲಿ ರೋಗಿಯನ್ನು ಉಪವಾಸ ಕೆಡವಬೇಡಿರಿ. ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಮಜ್ಜಿಗೆ, ಜೋಳದ ಅಂಬಲಿ, ಬಾಯಿಗೆ ಹಿಡಿಸಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿರಿ. ನಮ್ಮ ಕಡೆ ಕಾಮಣಿಗೆ ಕಬ್ಬಿನ ಹಾಲು ಕುಡಿಸುವ ರೂಢಿ. ಆ ರಸ್ತೆ ಬದಿಯ ಗಾಣ, ಆ ಬರ್ಫ, ಮೇಲೆ ಕೂತ ನೊಣ! ರೋಗ ಬಂದದ್ದೇ ಅಂಥ ನೀರಿನಿಂದ, ಮತ್ತೆ ಅದನ್ನೇ ಕುಡಿಸಿದಂತೆ. ಮಳೆಗಾಲದಲ್ಲಿ ನಾನಂತೂ ನೀರನ್ನು ಕುದಿಸದೆ ಕೊಡುವುದಿಲ್ಲ. ಬಿಸಿಯಾದರೆ ಸಾಲದು, ಗುಳ್ಳೆ ಎದ್ದು ಕೊತಕೊತ ಕುದಿಯಬೇಕು. ಗ್ಯಾಸ್ ಖರ್ಚು ಎಂದು ನಮ್ಮವರು ಗೊಣಗುತ್ತಾರೆ, ಗೊಣಗಲಿ.

ತಮ್ಮನ ಮನೆಯಲ್ಲಿ ಎರಡು ವರ್ಷದ ಮೇಲೆ ಹೆಣ್ಣು ಕೂಸು ಹುಟ್ಟಿತು, ಈಗ ಸಾಲೆಗೆ ಹೋಗುತ್ತದೆ. ಹೋದ ಮಳೆಗಾಲದಲ್ಲಿ ಜಾಂಬೋಟಿ ಕಡೆ ಹೋದಾಗ ಆ ಔಷಧಿಯ ಹೆಂಗಸಿನ ಮನೆಗೂ ಹೋಗಿ ಬಂದೆ. ಸಿಟ್ಟು ಇರಲಿಲ್ಲ, ಕರೆದುಕೊಂಡು ಹೋದವಳು ನಾನೇ ಅಲ್ಲವೇ. ಅವಳೇ ಮಾತು ತೆಗೆದಳು: "ಬಾಯಾರ, ಬಸುರಿ ಹೆಣ್ಮಕ್ಕಳಿಗೆ ಕೊಡೂದು ಅವತ್ತಿಗೇ ಬಿಟ್ಟೇನ್ರಿ. ಉಳದವರಿಗೂ ಮೊದಲ ರಕ್ತದ ಚೀಟಿ ತೋರಸ್ರಿ ಅಂತೀನಿ. ಮಂದಿ ಸಿಟ್ಟಾಗತಾರ." ಹೊರಡುವಾಗ ಒಂದು ಹಿಡಿ ನೆಲನೆಲ್ಲಿ ಬೇರು ಸಮೇತ ಕಿತ್ತು ಚೀಲಕ್ಕೆ ಹಾಕಬಂದಳು. "ಬ್ಯಾಡವಾ, ನಮ್ಮ ಹಿತ್ತಲದಾಗ ಕಿತ್ತಷ್ಟೂ ಬರತಾವ" ಎಂದೆ. ಇಬ್ಬರಿಗೂ ನಗು ಬಂತು.