ಕಾಡಿನ ಲೆಕ್ಕ ಕಲಿಯುವವರು

ಶಿವಮೊಗ್ಗದಲ್ಲಿ ಸಾಗರದ ಬಸ್ಸು ಹತ್ತಿ, ಸಿಂಹಧಾಮದ ತ್ಯಾವರೆಕೊಪ್ಪ ದಾಟಿದರೆ ಆಯನೂರು. ಇಲ್ಲಿಂದ ಒಂದು ದಾರಿ ಕುಂಸಿ, ಆನಂದಪುರದ ಮೇಲೆ ಸಾಗರಕ್ಕೆ ಹೋಗುತ್ತದೆ, ಇನ್ನೊಂದು ರಿಪ್ಪನ್‌ಪೇಟೆ ಮೇಲೆ ಹೊಸನಗರಕ್ಕೆ. ಬಯಲುಸೀಮೆ ಅನ್ನುವಂತಿಲ್ಲ, ಪೂರ್ತಿ ಮಲೆನಾಡು ಅನ್ನುವಂತೆಯೂ ಇಲ್ಲದ ನೆಲ ಇದು. ಮೆಕ್ಕೆಜೋಳದ ಹೊಲ, ಶುಂಠಿ ಪಟ್ಟೆ, ಭತ್ತದ ಗದ್ದೆಯೊಳಗೆ ಈಚೆಗೆ ತಲೆಯೆತ್ತಿದ ಅಡಿಕೆ ಸಸಿ, ಸಾಗುವಾನಿ ಮತ್ತು ಅಕೇಶಿಯಾ ನೆಡುತೋಪು, ದಕ್ಷಿಣಕ್ಕೆ ಶೆಟ್ಟಿಹಳ್ಳಿ ಅಭಯಾರಣ್ಯ. 1974ರಲ್ಲಿ ಘೋಷಣೆಯಾದ ಈ ಅಭಯಾರಣ್ಯ ಸುಮಾರು 395 ಚದರ ಕಿಲೋಮೀಟರ್ ಹರಡಿಕೊಂಡಿದೆ. ನೆಲ, ನೀರು, ಮರ ಇವನ್ನು ಮನುಷ್ಯ ಬಳಸುವ ಬಹುತೇಕ ಎಲ್ಲ ಬಗೆಗಳೂ ಒಂದು ಬಸ್ಸಿನ ಕಿಟಕಿಯಲ್ಲೇ ಕಂಡುಹೋಗುತ್ತವೆ.

ಈ ಊರಿನ ಆಸುಪಾಸಿನಲ್ಲೇ ಇವನ್ನು ಶಾಸ್ತ್ರವಾಗಿ ಓದಿಸುವ ಎರಡು ವಿಶ್ವವಿದ್ಯಾಲಯಗಳಿವೆ. ಭದ್ರಾವತಿ ಆಚೆ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ. ಶಿವಮೊಗ್ಗದ ನವಿಲೆಯಲ್ಲೂ ಆನಂದಪುರದ ಬಳಿಯ ಇರುವಕ್ಕಿಯಲ್ಲೂ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ. ಹೀಗಿದ್ದರೂ ಪಿಯುಸಿ ಮುಗಿಸಿದ ಮಕ್ಕಳು ಅರಣ್ಯಶಾಸ್ತ್ರವೋ ಪರಿಸರ ವಿಜ್ಞಾನವೋ ಎಂದರೆ ಮನೆಯಲ್ಲಿ ಬರುವ ಮೊದಲ ಪ್ರಶ್ನೆ, ‘ಕಾಡು ನೋಡೋಕೆ ಡಿಗ್ರಿ ಬೇಕೇನೋ?’

ನೋಡುವುದಕ್ಕೆ ಬೇಡ, ಅಳೆಯುವುದಕ್ಕೆ ಬೇಕು. ಈ ಓದಿನ ಬಗ್ಗೆ ಹೊರಗಿನವರಿಗೆ ಇರುವ ದೊಡ್ಡ ತಪ್ಪು ಕಲ್ಪನೆ ಇದೇ. ಇದು ಹಸಿರಿನ ಮೇಲಿನ ಪ್ರೀತಿಯ ಪಾಠ ಎಂದುಕೊಂಡು ಸೇರಿದವರ ಕೈಗೆ ಮೊದಲು ಬರುವುದು ಟೇಪು, ಹಗ್ಗ, ನಮೂನೆಯ ಹಾಳೆ. ಕಾಡಿನಲ್ಲಿ ಒಂದು ಚೌಕ ಗುರುತಿಸಿ, ಅದರೊಳಗಿನ ಪ್ರತಿ ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯಬೇಕು. ಇಳಿಜಾರಿದ್ದರೆ ಮರದ ಮೇಲ್ಬದಿಯಲ್ಲಿ ನಿಂತು ಅಳತೆ. ಆ ಎತ್ತರಕ್ಕಿಂತ ಕೆಳಗೇ ಮರ ಕವಲೊಡೆದಿದ್ದರೆ ಅದು ಎರಡು ಮರ. ದೊಡ್ಡ ಚೌಕದೊಳಗೆ ಚಿಕ್ಕ ಚೌಕ ಹಾಕಿ ಪೊದೆಗಳ ಎಣಿಕೆ, ಅದರೊಳಗೆ ಒಂದು ಮೀಟರಿನದು ಮಾಡಿ ಹುಲ್ಲು, ಸಸಿಗಳ ಎಣಿಕೆ. ಮತ್ತಿ, ನಂದಿ, ಹೊನ್ನೆಗಳ ತೊಗಟೆ ನೋಡಿ ಹೆಸರು ಹೇಳುವ ಹಳ್ಳಿಯ ಹಿರಿಯರೊಬ್ಬರು ಜೊತೆಗಿದ್ದರೆ ಕೆಲಸ ಅರ್ಧ ಹಗುರ. ಹೊನ್ನೆಗೆ ಕತ್ತಿ ತಾಗಿಸಿದರೆ ಕೆಂಪು ರಸ ಒಸರುತ್ತದೆ ಎಂಬುದನ್ನು ಪುಸ್ತಕವೂ ಹೇಳುತ್ತದೆ, ಆದರೆ ಅವರಷ್ಟು ಬೇಗ ಹೇಳುವುದಿಲ್ಲ.

ಅದೇ ಚೌಕಕ್ಕೆ ಕೆಲವು ವರ್ಷ ಬಿಟ್ಟು ಹೋಗಿ ಮತ್ತೆ ಅಳೆದಾಗ ಕಾಡು ಬೆಳೆದಿದೆಯೋ ಸವೆದಿದೆಯೋ ತಿಳಿಯುತ್ತದೆ. ದೊಡ್ಡ ಮರಗಳು ಬೇಕಾದಷ್ಟಿದ್ದೂ ಸಸಿಗಳೇ ಇಲ್ಲದಿದ್ದರೆ ಆ ಕಾಡಿಗೆ ಮುಂದಿನ ಪೀಳಿಗೆ ಇಲ್ಲ. ದಾರಿಹೋಕನ ಕಣ್ಣಿಗೆ ಅದು ಹಚ್ಚಹಸಿರಾಗಿಯೇ ಕಾಣುತ್ತಿರುತ್ತದೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಉತ್ತರ ಕನ್ನಡದ ಬಿದಿರಿನ ಕಥೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ 1958ರಲ್ಲಿ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ 1 ರೂಪಾಯಿ 50 ಪೈಸೆಯಂತೆ. ಬುಟ್ಟಿ ಹೆಣೆಯುವ ಮೇದಾರರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೆರುತ್ತಿದ್ದರು. ಬಿದಿರು ಬೇಗ ಖಾಲಿಯಾಗತೊಡಗಿತು. ಹಳ್ಳಿಗರ ಮೇವು, ಕಡಿತವೇ ಕಾರಣ ಎಂದು ಒಂದು ಕಡೆ ವಾದ, ಕಾರ್ಖಾನೆಯೇ ಕಾರಣ ಎಂದು ಇನ್ನೊಂದು ಕಡೆ. 1975ರಲ್ಲಿ ರಾಜ್ಯ ಸರ್ಕಾರ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರನ್ನು ಅಧ್ಯಯನಕ್ಕೆ ಕೇಳಿಕೊಂಡಿತು. ಅವರು ಮತ್ತು ಎಸ್.ಎನ್. ಪ್ರಸಾದ್ ಮೆಳೆ ಮೆಳೆ ತಿರುಗಿ ಎಣಿಸಿದರು. ಬುಡದಲ್ಲಿ ಹೆಣೆದುಕೊಂಡ ಮುಳ್ಳನ್ನು ಸವರಿ ತೆಗೆದರೆ ಬಿದಿರು ಸೊಂಪಾಗಿ ಬೆಳೆಯುತ್ತದೆ ಎಂಬುದು ಇಲಾಖೆಯ ನಂಬಿಕೆಯಾಗಿತ್ತು. ಎಣಿಸಿ ನೋಡಿದರೆ ಆ ಮುಳ್ಳೇ ಕಳಲೆಗೆ ಬೇಲಿ. ಬೇಲಿ ಹೋದ ಮೇಲೆ ದನ, ಮಂಗ, ಮುಳ್ಳುಹಂದಿ ಎಲ್ಲಕ್ಕೂ ಎಳೆಯ ಕಳಲೆ ಸಲೀಸು. ಹಳ್ಳಿಗರು ಮೊದಲಿಂದಲೂ ಮುಳ್ಳು ಬಿಟ್ಟು ಮೇಲಿನಿಂದ ಕಡಿಯುತ್ತಿದ್ದರು. ಕಳಲೆ ಪಲ್ಯ ಮಾಡುವ ಸೀಮೆಯ ಜನಕ್ಕೆ ಇದು ಆಶ್ಚರ್ಯವಲ್ಲ, ಸರ್ಕಾರಿ ಕಡತಕ್ಕೆ ಆಶ್ಚರ್ಯ.

ಇಂಥ ಲೆಕ್ಕದ ಅಗತ್ಯ ಶಿವಮೊಗ್ಗ ಜಿಲ್ಲೆಗೆ ಇನ್ನೂ ಹಳೆಯದು. ಬೆಂಕೀಪುರ ಎಂದಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದಾಗ ಅದರ ಕುಲುಮೆ ಉರಿದದ್ದು ಸುತ್ತಲ ಕಾಡಿನ ಸೌದೆಯ ಇದ್ದಿಲಿನಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು. ಇದ್ದಿಲು ಮಾಡುವಾಗ ಏಳುವ ಹೊಗೆಯನ್ನೂ ಸುಮ್ಮನೆ ಬಿಡದೆ ಅದರಿಂದ ಮದ್ಯಸಾರ ಬಟ್ಟಿ ಇಳಿಸುವ ವ್ಯವಸ್ಥೆ ಇತ್ತು. ಜಾಣ್ಮೆಯ ಯೋಜನೆ, ವಿಶ್ವೇಶ್ವರಯ್ಯನವರ ಮುತುವರ್ಜಿ, ನಿಜ. ಆದರೆ ಇದ್ದಿಲಿಗೆ ಹೋದ ಕಾಡು ಮರಳಿ ಎಷ್ಟು ಬಂತು ಎನ್ನುವ ಪ್ರಶ್ನೆಯನ್ನು ಕಾರ್ಖಾನೆಯ ಕೀರ್ತಿ ಹೇಳುವಾಗ ಯಾರೂ ಕೇಳುವುದಿಲ್ಲ. 1936ರಲ್ಲಿ ಅದೇ ಊರಿಗೆ ಮೈಸೂರು ಕಾಗದ ಕಾರ್ಖಾನೆ, ಜನರ ಬಾಯಲ್ಲಿ ಎಂಪಿಎಂ, ಬಂತು.

ಇನ್ನು ಓದುವ ಜಾಗಗಳ ವಿಚಾರ. ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ್ದು 1987ರಲ್ಲಿ. ಅದರ ಆವರಣಕ್ಕೆ ‘ಜ್ಞಾನ ಸಹ್ಯಾದ್ರಿ’ ಎಂದು ಹೆಸರು. ಪರಿಸರ ವಿಜ್ಞಾನ, ವನ್ಯಜೀವಿ ನಿರ್ವಹಣೆ, ಅನ್ವಯಿಕ ಪ್ರಾಣಿಶಾಸ್ತ್ರ, ಅನ್ವಯಿಕ ಸಸ್ಯಶಾಸ್ತ್ರದ ಸ್ನಾತಕೋತ್ತರ ವಿಭಾಗಗಳು ಇಲ್ಲಿವೆ. ಪ್ರಯೋಗಾಲಯ ಸಣ್ಣದಾದರೂ ಚಿಂತೆಯಿಲ್ಲ, ಹೊರಗಿನದು ದೊಡ್ಡದಿದೆ. ಪಕ್ಕದಲ್ಲೇ ಅಣೆಕಟ್ಟಿನ ಊರು ಬಿಆರ್‌ಪಿ, ಅದರಾಚೆ ಭದ್ರಾ ಜಲಾಶಯ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದಾಗ ರೀವ ಹಕ್ಕಿಗಳು ಬರಿ ನೆಲದ ಮೇಲೇ ಮೊಟ್ಟೆಯಿಡುತ್ತವೆ. ಜಲಾಶಯದ ಸುತ್ತಲಿನ ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅದರೊಳಗಿದ್ದ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2002ರ ಹೊತ್ತಿಗೆ ಹೊರಬಂದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲೂ, ಅತ್ತ ಕೆಳಗೂರಿನಲ್ಲೂ ನೆಲೆಸಿದವು. ದೇಶದಲ್ಲಿ ಪುನರ್ವಸತಿ ಹೆಚ್ಚು ಕಡಿಮೆ ಸರಿಯಾಗಿ ನಡೆದ ಉದಾಹರಣೆ ಎಂದು ಸಂಶೋಧಕರು ಹೆಸರಿಸುವುದು ಇದನ್ನೇ. ಹುಲಿ ಎಣಿಸುವುದಷ್ಟೇ ಅಲ್ಲ, ಮನೆ ಬಿಟ್ಟವರ ಬದುಕು ಏನಾಯಿತು ಎಂದು ಕೇಳುವುದೂ ಈ ಓದಿನ ಭಾಗ. ಭದ್ರೆಯ ಮೇಲ್ಭಾಗದ ಕುದುರೆಮುಖದಲ್ಲಿ 2005ರ ಕೊನೆಗೆ ಕಬ್ಬಿಣದ ಗಣಿ ನಿಂತಿತಲ್ಲ, ಅದನ್ನು ನಿಲ್ಲಿಸಬೇಕೆಂಬ ವಾದದಲ್ಲೂ ನದಿ ಹೊತ್ತುತಂದ ಹೂಳನ್ನು ಅಳೆದವರ ಅಂಕಿಗಳಿದ್ದವು.

ಕೃಷಿ ವಿಶ್ವವಿದ್ಯಾಲಯ 2012ರದು. ಅರಣ್ಯಶಾಸ್ತ್ರದ ನಾಲ್ಕು ವರ್ಷದ ಬಿ.ಎಸ್ಸಿ. ಪದವಿ ಬೇಕಾದವರು ಮಾತ್ರ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ ಕೊಡಗಿನ ಪೊನ್ನಂಪೇಟೆಗೆ ಹೋಗಬೇಕು, ಇಲ್ಲವೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿರಸಿ ಕಾಲೇಜಿಗೆ. ಪೊನ್ನಂಪೇಟೆಯವರು ಕೊಡಗಿನ ದೇವರಕಾಡುಗಳ ಮೇಲೆ ಮಾಡಿದ ಕೆಲಸಕ್ಕೆ ಹೊರದೇಶದಲ್ಲೂ ಹೆಸರಿದೆ. ನಮ್ಮ ಸೊರಬದ ಕಾನುಗಳೂ ಅಂಥವೇ. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಆ ತಾಲ್ಲೂಕಿನಲ್ಲಿ 171 ಕಾನುಗಳನ್ನು ಪಟ್ಟಿ ಮಾಡಿದ್ದರು. ಈಗ ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ ಎಂದು ಒಂದೊಂದನ್ನೇ ತಿರುಗಿ ನೋಡುವುದು ಯಾವ ವಿದ್ಯಾರ್ಥಿಗಾದರೂ ಸಾಲುವಷ್ಟು ಕೆಲಸ.

ಅರಣ್ಯಶಾಸ್ತ್ರ ಪದವಿಗೆ ಸೇರುವ ದಾರಿ ಸಿಇಟಿ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿದ್ದು, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಬೆಳೆ, ಸಲಕರಣೆ ಗುರುತಿಸಬೇಕು. ಓದಿದವರಿಗೆ ವಲಯ ಅರಣ್ಯಾಧಿಕಾರಿ ಹುದ್ದೆಯಲ್ಲಿ ಒಂದು ಪಾಲು ಮೀಸಲಿದೆ. ಆ ಪಾಲು ಎಷ್ಟಿರಬೇಕೆಂಬ ಜಗಳಕ್ಕೆ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದೂ ಉಂಟು. ಅವರ ಸಿಟ್ಟು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಇತ್ತ ಎಲ್ಲ ಪದವಿಗಳಲ್ಲೂ ಕಡ್ಡಾಯವಾಗಿರುವ ‘ಪರಿಸರ ಅಧ್ಯಯನ’ ಎಂಬ ಪತ್ರಿಕೆ ಇದೆ. ಸುಪ್ರೀಂ ಕೋರ್ಟಿನ 1991ರ ಆದೇಶದ ಫಲ ಅದು. ಬಹಳ ಕಡೆ ಅದು ಗೈಡು ಓದಿ ಪಾಸಾಗುವ ಪತ್ರಿಕೆಯಾಗಿಬಿಟ್ಟಿದೆ. ಒಂದು ಚೌಕ ಅಳೆಸಿದ್ದರೂ ಸಾಕಿತ್ತು.

ಎಂಪಿಎಂ ನಿಂತು ಸುಮಾರು ಹತ್ತು ವರ್ಷ ಆಯಿತು. ಅದು 1980ರಲ್ಲಿ 40 ವರ್ಷಕ್ಕೆ ಗುತ್ತಿಗೆ ಪಡೆದು ಅಕೇಶಿಯಾ ಬೆಳೆಸಿದ ಕಾಡು ಭೂಮಿಯ ಅವಧಿ 2020ರಲ್ಲಿ ಮುಗಿದಾಗ, ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನಲ್ಲಿ ದೊಡ್ಡ ದನಿ ಎದ್ದರೂ ಸರ್ಕಾರ ಗುತ್ತಿಗೆ ನವೀಕರಿಸಿತು. ಅಕೇಶಿಯಾ ಅಡಿಯಲ್ಲಿ ಏನೂ ಹುಟ್ಟುವುದಿಲ್ಲ ಎನ್ನುವುದು ಒಂದು ಮಾತು. ಪಕ್ಕದಲ್ಲಿ ಸಹಜ ಕಾಡಿದ್ದರೆ ಹಳೆಯ ತೋಪಿನಡಿ ಕಾಡುಸಸಿಗಳು ಏಳುವುದೂ ಉಂಟು ಎನ್ನುವುದು ಇನ್ನೊಂದು. ಎರಡೂ ಒಂದೊಂದು ಕಡೆ ನಿಜವಿರಬಹುದು. ಯಾವ ತೋಪನ್ನು ಕಡಿದು ತೆಗೆಯಬೇಕು, ಯಾವುದನ್ನು ಸುಮ್ಮನೆ ಬಿಟ್ಟರೆ ತಾನಾಗಿ ಕಾಡಾಗುತ್ತದೆ ಎಂಬುದು ತೋಪಿನಿಂದ ತೋಪಿಗೆ ಬೇರೆ. ಅದನ್ನು ತೀರ್ಮಾನಿಸುವ ಮೊದಲು ಮಂಡಿಯೂರಿ ಸಸಿ ಎಣಿಸುವವರು ಬೇಕು, ಮತ್ತು ಆ ಎಣಿಕೆ ಗುತ್ತಿಗೆಯ ಕಾಗದಕ್ಕೆ ಸಹಿ ಬೀಳುವ ಮುಂಚೆ ಮೇಜಿನ ಮೇಲಿರಬೇಕು.